ಮುಂದೆ ಬರಬಹುದಾದ ಎಲ್ಲ ಮಾಧ್ಯಮ

ಕಾನೂನು ಪುಸ್ತಕಗಳಿಗೆ ತಿದ್ದುಪಡಿ ಚೀಟಿ ಅಂಟಿಸುವುದು ನನ್ನ ಕೆಲಸ. ವಕೀಲರ ಸಂಘದ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಕಾನೂನು ಬದಲಾದಾಗಲೆಲ್ಲ ಹೊಸ ಸಾಲು ಮುದ್ರಿಸಿದ ತೆಳ್ಳನೆಯ ಚೀಟಿಗಳು ಬರುತ್ತವೆ. ಒಂದು ಅಂಚಿಗೆ ಮಾತ್ರ ಗೋಂದು ಹಚ್ಚಿ ಹಳೆಯ ಸಾಲಿನ ಮೇಲೆ ಕೂರಿಸಬೇಕು, ಎತ್ತಿ ನೋಡಿದರೆ ಹಳೆಯದೂ ಕಾಣುವಂತೆ. ಹಕ್ಕುಸ್ವಾಮ್ಯದ ಪುಸ್ತಕದಲ್ಲಿ ಒಂದು ಪುಟ ಹೀಗೇ ಉಬ್ಬಿಕೊಂಡಿದೆ. ಅಡಿಯಲ್ಲಿ ಗ್ರಾಮಫೋನ್ ತಟ್ಟೆ, ಅದರ ಮೇಲೆ ಕ್ಯಾಸೆಟ್, ಅದರ ಮೇಲೆ ಸಿ.ಡಿ., ಎಲ್ಲಕ್ಕಿಂತ ಮೇಲೆ ಇಂಟರ್ನೆಟ್.

ಆ ಪುಟ ತೆರೆದಾಗಲೆಲ್ಲ ಅಮ್ಮನ ಕರಾರು ನೆನಪಾಗುತ್ತದೆ.

ಆಗ ನಾನು ಬಿ.ಎ. ಎರಡನೇ ವರ್ಷ. ಅಮ್ಮ ತಾನೇ ಕಟ್ಟಿದ ಜೋಗುಳವೊಂದನ್ನು ಕ್ಯಾಸೆಟ್ ಕಂಪನಿಗೆ ಹಾಡಿಕೊಟ್ಟಿದ್ದಳು. ಸಹಿ ಹಾಕುವ ಮೊದಲು, "ನೀನು ಓದಿದೋಳು, ಏನಿದೆ ಹೇಳು" ಎಂದು ಕಾಗದವನ್ನು ನನ್ನ ಕೈಗಿಟ್ಟಳು. ಹಾಡನ್ನೂ ಹಾಡಿದ ದನಿಯನ್ನೂ 'ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಿಗೆ' ಬಿಟ್ಟುಕೊಟ್ಟಿದ್ದೇನೆ ಎಂದಿತ್ತು.

"ಮುಂದೆ ಬರೋದು ಅಂದ್ರೆ ಏನೇ?"

"ಏನೋ ಒಕ್ಕಣೆ ಅಮ್ಮ. ಕ್ಯಾಸೆಟ್ ಆದ್ಮೇಲೆ ಇನ್ನೇನು ಬರುತ್ತೆ."

ನನಗೆ ಅನುಮಾನ ಬಂದಿತ್ತು. ಆದರೆ ಕಂಪನಿಯವನು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು ನಿಂತಿದ್ದ. ಅವನನ್ನು ಕಾಯಿಸಲು ಸಂಕೋಚವಾಯಿತು.

ಹೋದ ವರ್ಷ ಆಪರೇಷನ್ನಿನಲ್ಲಿ ಅಮ್ಮನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಾಳೆ. ಜಗಳವೂ ಅದರಲ್ಲೇ, ಬಳಪ ಮುರಿಯುವ ಹಾಗೆ ಒತ್ತಿ.

ಅವಳ ಮಾತು ಉಳಿದಿದ್ದು ಒಂದೇ ಕಡೆ, ತಮ್ಮ ಯಾವಾಗಲೋ ತೆಗೆದ ಎರಡು ನಿಮಿಷದ ವಿಡಿಯೊದಲ್ಲಿ. ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಅಮ್ಮ ಅದೇ ಜೋಗುಳ ಹಾಡಿಕೊಳ್ಳುತ್ತಿದ್ದಾಳೆ. ನಡುವೆ ನಿಲ್ಲಿಸಿ, "ಏ ಗಾಬರಿ, ಹಾಲು ಉಕ್ತಾ ಇದೆ, ಎಲ್ಲಿ ನೋಡ್ತಿದೀಯ" ಎಂದು ಬೈದು ನಗುತ್ತಾಳೆ. ಗಾಬರಿ ಎಂದರೆ ನಾನು. ತಮ್ಮ ಅದನ್ನು ನೆಟ್‌ಗೆ ಹಾಕಿ ನಿಶ್ಚಿಂತನಾದ. ಆಮೇಲೆ ಅವನ ಫೋನು ಬಕೆಟ್ಟಿಗೆ ಬಿದ್ದು ಕೆಟ್ಟಿತು. ಕ್ಯಾಸೆಟ್ಟಿನಲ್ಲಿ ಹಾಡೇನೋ ಇದೆ, ಬೈಗುಳವಿಲ್ಲ.

ಮೂರು ತಿಂಗಳ ಹಿಂದೆ ಒಂದು ಸಂಜೆ ಆ ವಿಡಿಯೊ ಹಾಕಿದರೆ ಪರದೆಯ ಮೇಲೆ ಅಮ್ಮನ ತುಟಿಗಳು ಅಲುಗಾಡಿದವು, ಶಬ್ದ ಬರಲಿಲ್ಲ. ಇದರಲ್ಲಿರುವ ಹಾಡು ಮತ್ತು ದನಿ ಬೇರೆಯವರ ಸ್ವತ್ತಿನೊಂದಿಗೆ ಹೊಂದುವುದರಿಂದ ಧ್ವನಿಯನ್ನು ತೆಗೆಯಲಾಗಿದೆ ಎಂದು ಕೆಳಗೆ ಬರೆದಿತ್ತು. ಯಂತ್ರವೇ ಕೇಳಿ, ಯಂತ್ರವೇ ಹೋಲಿಸಿ, ಬಾಯಿ ಮುಚ್ಚಿಸಿತ್ತು. ಇಳಿಸಿಕೊಂಡರೂ ಮೂಕವಾಗಿಯೇ ಇಳಿಯಿತು.

ಹಳೆಯ ಕ್ಯಾಸೆಟ್ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡು, ಅದನ್ನು ಮತ್ತೊಂದು ಕೊಂಡಿತ್ತು. ಫೋನಿನಲ್ಲಿ ಸಿಕ್ಕ ಅಧಿಕಾರಿ ಮರ್ಯಾದಸ್ಥ.

"ಮೇಡಂ, ಹಾಡಿದೋರು ನಿಮ್ಮ ತಾಯಿ ಅನ್ನೋದ್ರಲ್ಲಿ ನಮಗೆ ಅನುಮಾನವೇ ಇಲ್ಲ. ಅದಕ್ಕೇ ತಾನೇ ಧ್ವನಿ ತೆಗೆದಿರೋದು."

"ಬರೀ ಮನೆಯೋರು ಕೇಳೋಕೆ, ಸರ್."

"ಒಬ್ಬೊಬ್ಬರಿಗೆ ಅನುಮತಿ ಕೊಡೋ ಪದ್ಧತಿ ನಮ್ಮಲ್ಲಿಲ್ಲ."

ಉಳಿದದ್ದು ನೆಟ್‌ನಲ್ಲೇ ತುಂಬಿ ಕಳಿಸುವ ಆಕ್ಷೇಪಣೆಯ ಅರ್ಜಿ. ಹಕ್ಕು ನಮ್ಮದು ಎನ್ನಬಹುದಿತ್ತು, ಅನುಮತಿ ಇದೆ ಎನ್ನಬಹುದಿತ್ತು. ಎರಡೂ ಆ ಒಂದು ಸಹಿಯಲ್ಲೇ ಹೋಗಿದ್ದವು. ಇನ್ನಿದ್ದದ್ದು, ಹೋಲಿಕೆಯೇ ತಪ್ಪು, ಇದು ಬೇರೆ ಹಾಡು, ಹಾಡಿದವರೂ ಬೇರೆ ಎಂಬುದು. ಹೇಳಿದ್ದು ಸುಳ್ಳಾದರೆ ಕಾನೂನು ಕ್ರಮಕ್ಕೆ ಬದ್ಧಳು ಎಂದು ಒಪ್ಪಬೇಕು.

"ಒತ್ತೇ ಅಕ್ಕ, ಯಾರು ಬಂದು ನೋಡ್ತಾರೆ" ಎಂದ ತಮ್ಮ.

"ನೋಡಿದ್ರೆ? ನನ್ನ ಕೆಲಸ ಹೋಗುತ್ತೆ."

"ಇಷ್ಟು ವರ್ಷ ಗೋಂದು ಹಚ್ಚಿ ಹಚ್ಚಿ ನೀನೂ ಅಲ್ಲೇ ಅಂಟ್ಕೊಂಡಿದೀಯ."

ಹಿಂಜರಿಕೆ ಕೆಲಸಕ್ಕಾಗಿ ಮಾತ್ರ ಇರಲಿಲ್ಲ. ಅಮ್ಮ ಎದುರಿಗೇ ಕೂತಿದ್ದಳು. ಇದು ಅವಳಲ್ಲ ಎಂದು ಹೇಗೆ ಬರೆಯುವುದು?

ಅಮ್ಮ ಸ್ಲೇಟಿನ ಅಂಚನ್ನು ಮೇಜಿಗೆ ಕುಟ್ಟಿದಳು. 'ನಾನಲ್ಲ ಅಂತ ಬರಿ.'

ಒರೆಸಿ, ಮತ್ತೆ ಬರೆದಳು. 'ಈ ಸಲ ಸರಿಯಾಗಿ ಓದಿ ಬರಿ.'

ಅಂದರೆ ಅವಳು ಮರೆತಿರಲಿಲ್ಲ. ಇಷ್ಟು ವರ್ಷ ಒಂದು ದಿನವೂ ಆಡಿರಲಿಲ್ಲ, ಅಷ್ಟೆ.

ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ಹಾಡಿದವರ ವಿವರ ಕೇಳಿದ ಕಡೆ 'ಗುರುತಿಲ್ಲದ ಹೆಂಗಸು' ಎಂದು ತುಂಬಿ, ಒತ್ತಿದೆ.

ಹನ್ನೊಂದನೇ ದಿನ ಧ್ವನಿ ವಾಪಸ್ಸು ಬಂತು. ಕಂಪನಿಯವರು ಅರ್ಜಿಯನ್ನು ಓದಿದರೋ ಇಲ್ಲವೋ, ತಕರಾರು ಬರಲಿಲ್ಲ. ಬಂದೀತೆಂದು ನಾನು ಈಗಲೂ ದಿನಾ ಅಂಚೆಡಬ್ಬಿ ತೆಗೆದು ನೋಡುತ್ತೇನೆ. ತಮ್ಮ ತಕ್ಷಣ ಮೂರು ಪ್ರತಿ ಇಳಿಸಿಟ್ಟ. ಮೂರರಲ್ಲೂ ಚಿತ್ರದ ಅಡಿಗೆ, ನನ್ನ ಅರ್ಜಿಯಿಂದ ಯಂತ್ರವೇ ಎತ್ತಿ ಹಾಕಿದ ಒಂದು ಪಟ್ಟಿ ಇದೆ: ಗಾಯಕಿ, ಅಪರಿಚಿತೆ. ನನ್ನ ಚೀಟಿಗಳ ಹಾಗೆ ಎತ್ತಿ ಒಳಗೆ ನೋಡಲು ಬರುವುದಿಲ್ಲ.

ಅಮ್ಮ ಎರಡು ಸಲ ಕೇಳಿದಳು. ಸ್ಲೇಟು ತೆಗೆದು, 'ಚೆನ್ನಾಗಿ ಹಾಡ್ತಾಳೆ' ಎಂದು ಬರೆದಳು. ತಮ್ಮ ನಕ್ಕ. ಸ್ಲೇಟು ಇಸಿದುಕೊಳ್ಳಲು ನಾನು ಕೈ ಚಾಚಿದೆ. ಕೊಡಲಿಲ್ಲ. ಕೆಳಗೆ ಉಳಿದಿದ್ದ ಜಾಗದಲ್ಲಿ ಸಣ್ಣದಾಗಿ ಬರೆದು ನನ್ನ ಕಡೆ ತಿರುಗಿಸಿದಳು.

'ಗಾಬರಿ ಅಂತ ಯಾರನ್ನ ಕರೀತಿದಾಳೆ?'