ಮುದ್ದುವಿನ ಬಲಗೈ ಹೆಬ್ಬೆಟ್ಟು

‘ಇಲ್ಲೊಂದು ಸಹಿ ಹಾಕಿ ಹೋಗು. ನನಗೆ ಬೇರೆ ಕೆಲಸ ಉಂಟು,’ ಎಂದರು ಮ್ಯಾನೇಜರು.

ಕುಶಲಾ ಕಾಗದ ಕೈಗೆತ್ತಿಕೊಂಡು ಓದತೊಡಗಿದಳು. ಎಂತಹ ಅಧಿಕಪ್ರಸಂಗ! ಜೆಪ್ಪುವಿನ ಆ ಹಂಚಿನ ಕಾರ್ಖಾನೆಯಲ್ಲಿ ಹೆಂಗಸರು ಕಾಗದ ಕಂಡರೆ ಹೆಬ್ಬೆಟ್ಟು ಮುಂದೆ ಮಾಡುವುದು ವಾಡಿಕೆ. ಸಹಿ ಬಲ್ಲವಳು ಇವಳೊಬ್ಬಳೇ ಎಂದು ಸಾಕ್ಷಿಗೆ ಕರೆದಿದ್ದರು. ಸಹಿ ಬಂದವಳಿಗೆ ಓದಲೂ ಬಂದೀತು ಎಂಬುದು ಅಷ್ಟು ದೊಡ್ಡ ಮನುಷ್ಯರಿಗೆ ಹೊಳೆಯಲೇ ಇಲ್ಲ ನೋಡಿ.

ಅದು ಐವತ್ತೇಳನೆಯ ಇಸವಿ. ಮೂರು ವಾರದ ಹಿಂದೆ, ಅಚ್ಚಿನ ಮೇಲೆ ಮಣ್ಣು ಇಡುತ್ತಿದ್ದ ಮುದ್ದುವಿನ ಬಲಗೈ ಮೇಲೆ ಪ್ರೆಸ್ಸು ಬಿದ್ದು, ಹೆಬ್ಬೆಟ್ಟು ಸಮೇತ ಮೂರು ಬೆರಳು ಹೋಗಿದ್ದವು. ಪ್ರೆಸ್ಸನ್ನು ತಡೆದು ನಿಲ್ಲಿಸುವ ಕೊಂಡಿ ಸವೆದಿದೆ ಎಂದು ಅವಳು ಅದಕ್ಕೆ ಮೊದಲೇ ಮೂರು ಸಲ ಬಾಯಿ ಬಿಟ್ಟು ಹೇಳಿದ್ದಳು. ಕೇಳುವವರು ಯಾರು? ಈಗ ತಪ್ಪು ಅವಳದ್ದೇ ಎಂದು ಕಾಗದದಲ್ಲಿ ಬಿದ್ದರೆ ಪರಿಹಾರವೂ ಇಲ್ಲ, ಗೇಟಿನೊಳಗೆ ಕಾಲಿಡುವಂತೆಯೂ ಇಲ್ಲ. ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಮುದ್ದು ಕಚೇರಿಯ ಬಾಗಿಲ ಹೊರಗೆ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಿಂತಿದ್ದಳು.

ಕಾಗದದಲ್ಲಿ ಇಂಗ್ಲಿಷಿನ ಎರಡೇ ಸಾಲು. ‘ಮುದ್ದು ಕೇರ್‌ಲೆಸ್ಲಿ ಪುಟ್ ಹರ್ ರೈಟ್ ಹ್ಯಾಂಡ್ ಇನ್ ದ ಪ್ರೆಸ್. ಶಿ ಫ್ರೀಲಿ ಅಡ್ಮಿಟೆಡ್ ಇಟ್.’ ಅಜಾಗ್ರತೆಯಿಂದ ಪ್ರೆಸ್ಸಿನೊಳಗೆ ಕೈ ಇಟ್ಟಳಂತೆ, ತಾನಾಗಿಯೇ ಒಪ್ಪಿಕೊಂಡಳಂತೆ!

ಕುಶಲಾಳ ಮೈ ಉರಿದುಹೋಯಿತು. ಎಂಟನೆಯ ಕ್ಲಾಸಿನಲ್ಲಿ ಬರ್ನಡೆಟ್ ಟೀಚರು ಬೆತ್ತದಿಂದ ಬೋರ್ಡು ಕುಟ್ಟಿ ಕುಟ್ಟಿ ಹೇಳಿಕೊಟ್ಟದ್ದು ಅವಳಿಗೆ ನಿನ್ನೆಯಷ್ಟೇ ಕೇಳಿದಂತಿತ್ತು. ಆಗಿಹೋದ ಕೆಲಸವನ್ನು ಕ್ರಿಯಾಪದ ಹೇಳುತ್ತದೆ. ಬಾಲಕ್ಕೆ ‘ಲಿ’ ಕಟ್ಟಿಕೊಂಡು ಅದರ ಹಿಂದೋ ಮುಂದೋ ಬಂದು ಕೂರುವ ಪದ, ಆ ಕೆಲಸ ಹೇಗೆ ಆಯಿತು ಎಂದು ಹೇಳುತ್ತದೆ. ‘ಏನಾಯಿತೆಂದು ಊರೆಲ್ಲ ಹೇಳಬಹುದು ಮಕ್ಕಳೇ, ಹೇಗಾಯಿತೆಂದು ಕಣ್ಣಾರೆ ಕಂಡವರೇ ಹೇಳಬೇಕು.’ ಕಂಡವಳು ಕುಶಲಾ. ಪಕ್ಕದಲ್ಲೇ ನಿಂತಿದ್ದವಳು.

‘ಮುದ್ದಕ್ಕ ಕೈ ಇಟ್ಟದ್ದು ಹೌದು ಸಾರ್. ಆದರೆ ಈ ಕೇರ್‌ಲೆಸ್ಲಿ ಎಲ್ಲಿಂದ ಬಂತು? ನೀವು ಅಲ್ಲಿ ಇದ್ರಾ?’

ಮ್ಯಾನೇಜರ ಮುಖ ಕೆಂಪೇರಿತು. ‘ಎಂತ ಮಾತಾಡ್ತೀ? ಒಪ್ಪಿ ಅವಳೇ ಹೆಬ್ಬೆಟ್ಟು ಒತ್ತಿದ್ದಾಳೆ. ಕೆಳಗೆ ನೋಡು!’

ನೋಡಿದಳು. ಕಪ್ಪು ಶಾಯಿಯ ಒಂದು ಮುದ್ದೆ. ಮಣ್ಣು ಹಿಡಿದು ಹಿಡಿದು ಗೆರೆ ಸವೆದ ಬೆರಳುಗಳು. ಹಂಚಿನ ಹೆಂಗಸರ ಹೆಬ್ಬೆಟ್ಟು ಯಾವತ್ತೂ ಹಾಗೆಯೇ ಮೂಡುವುದು. ಯಾರದ್ದೆಂದು ದೇವರಿಗೂ ಗೊತ್ತಾಗದು. ಅದರ ಪಕ್ಕದಲ್ಲಿ, ಅಲ್ಲೇ ಮೂಲೆಯಲ್ಲಿ ಕೂತಿದ್ದ ಗುಮಾಸ್ತ ಮೋಹನದಾಸ್ ಕಚೇರಿಯ ರೂಢಿಯಂತೆ ಮುದ್ದಾಗಿ ಬರೆದಿದ್ದ: ‘ಬಲಗೈ ಹೆಬ್ಬೆಟ್ಟು, ಮುದ್ದು.’ ತಾರೀಕು ಮೊನ್ನೆಯದು.

‘ಮೋಹನದಾಸಣ್ಣ, ಈ ಹೆಬ್ಬೆಟ್ಟು ಯಾರು ಒತ್ತಿಸಿದ್ದು?’

‘ನಾನೇ ಮಾರಾಯ್ತಿ. ಹೆಂಗಸರದ್ದು ಬಲಗೈ, ಗಂಡಸರದ್ದು ಎಡಗೈ. ಹೊಸತೆಂತ ಉಂಟು ಅದರಲ್ಲಿ?’

‘ಮುದ್ದಕ್ಕ, ಒಳಗೆ ಬನ್ನಿ. ಇವರಿಗೆ ನಿಮ್ಮ ಬಲಗೈ ಒಮ್ಮೆ ತೋರಿಸಿ.’

ಮುದ್ದು ಹೊಸ್ತಿಲಲ್ಲಿ ತಡವರಿಸಿದಳು. ಅಷ್ಟು ವರ್ಷದಲ್ಲಿ ಆ ಕಚೇರಿಯೊಳಗೆ ಅವಳು ಕಾಲಿಟ್ಟವಳಲ್ಲ. ಆಮೇಲೆ ನೇರ ಮೇಜಿನ ಬಳಿ ಬಂದು, ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಕುಶಲಾ ಅಲ್ಲಿ ಹರವಿಟ್ಟ ಕಾಗದದ ಮೇಲೆಯೇ ಕೈಯನ್ನು ಇಟ್ಟಳು. ಹೆಬ್ಬೆಟ್ಟಿರಬೇಕಾದಲ್ಲಿ ಹೊಲಿಗೆಯ ಗುರುತು ಮಾತ್ರ ಇತ್ತು.

ಮೋಹನದಾಸ್ ತನ್ನ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ. ಶಾಯಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಪಾಪ!

‘ಕಾಗದ ಇತ್ತ ಕೊಡು,’ ಮ್ಯಾನೇಜರು ಕೈ ಚಾಚಿದರು.

ಕುಶಲಾ ಅದನ್ನು ನಾಲ್ಕು ಮಡಿಕೆ ಮಾಡಿ ರವಕೆಯೊಳಗೆ ತುರುಕಿಕೊಂಡಳು. ‘ಇನ್ನು ಇದು ಲೇಬರ್ ಆಫೀಸರಿಗೆ ಸಾರ್.’

ಕಿಟಕಿಯ ಹೊರಗೆ ಮಣ್ಣುಗೈಯಲ್ಲಿ ನಿಂತಿದ್ದ ಹೆಂಗಸರು ಘೊಳ್ಳೆಂದು ನಕ್ಕರು.

‘ನಿನಗೆ ಕೆಲಸ ಬೇಡವಾ?’

‘ಬೇಕು. ಮುದ್ದಕ್ಕನಿಗೂ ಬೇಕು. ತೆಗೆದು ನೋಡಿ ನಮ್ಮನ್ನು! ನಾಳೆ ನಿಮ್ಮ ಪ್ರೆಸ್ಸಿಗೆ ಮಣ್ಣು ಇಡುವವರು ಯಾರು, ಆ ಕಿಟಕಿಯಲ್ಲಿ ಇಣುಕಿ ಕೇಳಿ.’

ಮ್ಯಾನೇಜರು ಕಿಟಕಿಯತ್ತ ನೋಡಿದರು. ಅಲ್ಲಿ ಯಾರೂ ಈಗ ನಗುತ್ತಿರಲಿಲ್ಲ, ಯಾರೂ ಕದಲಲೂ ಇಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ ಗುಮಾಸ್ತನಿಗೆ, ‘ಬೇರೆ ಕಾಗದ ತೆಗೆ,’ ಎಂದರು.

ಮೋಹನದಾಸ್ ಪೆನ್ನು ಹಿಡಿದು ಕುಶಲಾಳ ಮುಖ ನೋಡಿದ.

‘ನನ್ನನ್ನು ಎಂತ ನೋಡ್ತೀರಿ? ಅವರನ್ನು ಕೇಳಿ.’

ಅವನು ಮುದ್ದುವಿನತ್ತ ತಿರುಗಿದ. ಮೂರು ವಾರದಲ್ಲಿ ಮೊದಲ ಸಲ ಒಬ್ಬರು ಮುದ್ದುವನ್ನು ಕೇಳಿದರು: ‘ಹೇಗಾಯಿತು?’

‘ನಾನು ಜಾಗ್ರತೆಯಲ್ಲೇ ಇಟ್ಟೆ. ಕೊಂಡಿ ಜಾರಿತು. ಪ್ರೆಸ್ಸು ತಟ್ಟನೆ ಬಿತ್ತು.’

‘ಕೇರ್‌ಫುಲಿ ಪುಟ್. ಸಡನ್ಲಿ ಫೆಲ್,’ ಎಂದಳು ಕುಶಲಾ. ‘ಹಾಗೆಯೇ ಬರೆಯಿರಿ.’

ಬರೆದು ಮುಗಿಸಿ ಮೋಹನದಾಸ್ ಶಾಯಿಯ ಡಬ್ಬಿ ಮುಂದೆ ತಳ್ಳಿದ. ಮುದ್ದು ಎಡಗೈ ಹೆಬ್ಬೆಟ್ಟನ್ನು ಅದ್ದಿ, ಕಾಗದದ ಮೇಲೆ ಬಲವಾಗಿ ಒತ್ತಿದಳು.

‘ಎಡಗೈಯದ್ದು ಅಂತ ಬರಿ ಅಣ್ಣ,’ ಎಂದಳು. ‘ಯಾಕೆ ಎಡಗೈ ಅಂತಲೂ ಬರಿ.’