ಕಳತ-ನಕಳತ

ಏಲೋಜಿ ಪೆಣಕರ ಸೋಲಾಪುರದ ಗಿರಣಿಯಲ್ಲಿ ಜಾಬರ, ಆಳುಗಳ ಮೇಸ್ತ್ರಿ. ನನ್ನ ಗಂಡ ಕಲ್ಲಣ್ಣ ಅವನ ಕೈಕೆಳಗೆ. ಚಾಳಿನ ಸಾಲುಮನೆಗಳಲ್ಲಿ ನಮ್ಮ ಎದುರು ಮನೆ ಅವರದು. ಯಹೂದ್ಯರು. ವರ್ಷಕ್ಕೊಮ್ಮೆ ಅವರಿಗೆ ಬಾಗಿಲು ಮುಚ್ಚುವ ಹಬ್ಬ. ಹೊತ್ತು ಮುಳುಗುವ ಮುಂಚೆ ಬಾಗಿಲು ಹಾಕಿಕೊಂಡರೆ ಮರುದಿನ ಚುಕ್ಕಿ ಮೂಡುವವರೆಗೆ ಹನಿ ನೀರೂ ಇಲ್ಲ. ಮುಚ್ಚುವ ಮೊದಲು ಮನೆಮನೆಗೆ ಹೋಗಿ ಕ್ಷಮೆ ಕೇಳಬೇಕು.

"ಮಂದಿಗಿ ಮಾಡಿದ ತಪ್ಪು ಮಂದೀನಽ ಮಾಫ ಮಾಡಬೇಕ್ರೀ ಸುಗಲಾಬಾಯಿ. ಅದು ದೇವರ ಕೈಯಾಗಿಲ್ಲ," ಎಂದು ಏಲೋಜಿಯ ಹೆಂಡತಿ ರಾಹೇಲಬಾಯಿಯೇ ನನಗೆ ಹೇಳಿದ್ದಳು.

೧೯೩೧ರಲ್ಲಿ ಗಿರಣಿಯಿಂದ ನೂಲಿನ ಗಂಟೊಂದು ಕಳುವಾಯಿತು. ಒಯ್ದವನು ಏಲೋಜಿಯ ಅಕ್ಕನ ಮಗ. ಚಾಳಿಗೆಲ್ಲ ಗೊತ್ತು, ಏಲೋಜಿಗೂ ಗೊತ್ತು. ಸಾಹೇಬರ ಮುಂದೆ ಮಾತ್ರ ಅವನು ಕಲ್ಲಣ್ಣನ ಹೆಸರು ಹೇಳಿದ. ಕೆಲಸ ಹೋಯಿತು, ಕಳ್ಳನೆಂಬ ಹೆಸರು ಉಳಿಯಿತು. ಬೇರೆ ಯಾವ ಗಿರಣಿಯೂ ಸೇರಿಸಿಕೊಳ್ಳದೆ ನನ್ನ ಗಂಡ ಅಕ್ಕಲಕೋಟದ ಪೇಟೆಯಲ್ಲಿ ಮೂಟೆ ಹೊರಲು ಹೋದ.

ಆ ವರ್ಷದ ಹಬ್ಬದ ಸಂಜೆ ಏಲೋಜಿ ಬಿಳಿ ಬಟ್ಟೆ ಉಟ್ಟು ನನ್ನ ಹೊಸ್ತಿಲಿಗೂ ಬಂದ. ಪ್ರತಿವರ್ಷದ ಮಾತನ್ನೇ ಆಡಿದ.

"ಕಳತ-ನಕಳತ ಏನರ ತಪ್ಪಾಗಿದ್ದರ ಮಾಫ ಮಾಡ್ರಿ, ಬಾಯಿ."

ತಿಳಿದೋ ತಿಳಿಯದೆಯೋ ಅಂತೆ! ನನಗೆ ಮೈಯೆಲ್ಲ ಉರಿಯಿತು.

"ಕಳತೋ, ನಕಳತೋ? ಒಂದು ಹೇಳ್ರಿ. ಕಳತ ಅಂತ ಎಲ್ಲಾರ ಮುಂದ ಹೇಳ್ರಿ, ಈಗಽ ಮಾಫ ಮಾಡತೀನಿ."

ಅವನ ತುಟಿ ಅಲುಗಿತು. ಎದುರು ಬಾಗಿಲಲ್ಲಿ ಅವನ ಅಕ್ಕನ ಮಗ ನಿಂತಿದ್ದ. "ಹೊತ್ತು ಮುಳಗಾಕತ್ತೈತಿ, ಬರ್ರಿ!" ಎಂದು ರಾಹೇಲಬಾಯಿ ಕೂಗಿದಳು. ಏಲೋಜಿ ಹುಡುಗನನ್ನು ನೋಡಿದ, ನನ್ನನ್ನು ನೋಡಿದ, ಹೋಗಿ ಬಾಗಿಲು ಹಾಕಿಕೊಂಡ.

ಮರುದಿನವೆಲ್ಲ ಒಳಗಿಂದ ಅವನ ಪ್ರಾರ್ಥನೆ, ಅಳು ಕೇಳುತ್ತಿತ್ತು. ಆ ಅಳು ಸುಳ್ಳಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಅಳುವುದಕ್ಕೆ ಬರುತ್ತದೆ, ಒಂದು ಮಾತು ಹೇಳುವುದಕ್ಕೆ ಬರುವುದಿಲ್ಲ.

ಉಪವಾಸ ಮುಗಿದ ಮಾರನೆಯ ದಿನ ಅವರಿಗೆ ‘ಶಿಳಾ ಸಣ’, ತಂಗಳ ಹಬ್ಬ. ನೆರೆಯವರಿಗೆ ಕರಿದ ಸಿಹಿ ಪುರಿ, ಬಡವರಿಗೆ ಅಕ್ಕಿಯ ದಾನ. ಹನ್ನೆರಡು ವರ್ಷ ನಮ್ಮ ಮನೆಗೆ ಪುರಿಯ ತಾಟು ಬಂದಿತ್ತು. ಈ ಸಲ ಏಲೋಜಿ ಒಂದು ಸೇರು ಅಕ್ಕಿ ಹಿಡಿದುಕೊಂಡು ಬಂದ.

"ದೇವರು ಮಾಫ ಮಾಡಿದನೇನ್ರಿ?" ಎಂದೆ.

ಅವನು ನೆಲ ನೋಡಿದ. "ನೀವು ಮಾಡಿಲ್ಲಲ್ರಿ, ಬಾಯಿ."

ಮನೆಯಲ್ಲಿ ಜೋಳ ಮುಗಿದು ಎರಡು ದಿನವಾಗಿತ್ತು. ನಾನು ಸೆರಗೊಡ್ಡಿದೆ.

ಸಂಜೆ ಅಕ್ಕಲಕೋಟದಿಂದ ಬಂದ ಕಲ್ಲಣ್ಣ ತಾಟಿನಲ್ಲಿ ಅನ್ನ ನೋಡಿ, "ಹಬ್ಬಿಲ್ಲ ಹುಣ್ಣಿವಿಲ್ಲ, ಅಕ್ಕಿ ಎಲ್ಲೀದು?" ಎಂದು ಕೇಳಿದ.

"ತವರಮನಿಯಿಂದ ಬಂದೈತಿ," ಎಂದೆ.

ಅದು ನಾನು ಕಳತ ಆಡಿದ ಸುಳ್ಳು.