ರಾತ್ರಿ ಸೊಪ್ಪಿನ ಪಾಳಿ

ನರಸಿಂಹಯ್ಯ ಮೇಷ್ಟ್ರು ಗಂಗರತ್ನಮ್ಮನನ್ನು ಕೂರಿ ಎನ್ನಲಿಲ್ಲ. ಸ್ಕೂಲಿನ ಮೆಟ್ಟಿಲ ಮೇಲೆ ನಿಲ್ಲಿಸಿಯೇ ಹೇಳಿದರು.

“ನೋಡಮ್ಮಾ, ನಿಮ್ಮ ಪಂಕಜ ಲೆಕ್ಕದಲ್ಲಿ ಚುರುಕು. ಆದ್ರೆ ಹತ್ತೂವರೆ ಆಗೋ ಹೊತ್ತಿಗೆ ತೂಕಡಿಕೆ. ನೆನ್ನೆ ಬೋರ್ಡ್ ಮುಂದೆ ನಿಂತ್ಕೊಂಡೇ ನಿದ್ದೆ ಹೋದ್ಲು. ಮಾರ್ಚಲ್ಲಿ ನಾಲ್ಕನೇ ಕ್ಲಾಸಿನ ಪರೀಕ್ಷೆ. ಹಿಂಗೇ ಆದ್ರೆ ಯಲಹಂಕದ ಮಿಡ್ಲ್ ಸ್ಕೂಲಿಗೆ ನಾನು ಕಾಗದ ಬರ್ಕೊಡಲ್ಲ.”

ಐವತ್ತೇಳನೇ ಇಸವಿಯ ಡಿಸೆಂಬರ್ ಅದು. ಜಕ್ಕೂರಿನಿಂದಾಚೆಯ, ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುವ ಆ ಹಳ್ಳಿಯಲ್ಲಿ ಯಲಹಂಕಕ್ಕೆ ಓದಲು ಹೋದ ಹೆಣ್ಣುಮಗು ಒಂದೂ ಇರಲಿಲ್ಲ.

ಗಂಡ ಚಿಕ್ಕಬೈರಪ್ಪನಿಗೆ ವಿಷಯ ಹೇಳಿದಾಗ ಅವನು ಮುದ್ದೆ ಮುರಿಯುತ್ತಲೇ ತೀರ್ಪು ಕೊಟ್ಟ. “ಸ್ಕೂಲ್ ಬಿಡ್ಸು. ಅಗಲೊತ್ತು ಮಲೀಕಂಬೌದು, ರಾತ್ರಿ ಉಳಕ್ಕೆ ಸೊಪ್ಪು ಆಕ್ಬೌದು.”

“ರಾತ್ರಿಯೆಲ್ಲ ಕಣ್ ಮುಚ್ಚಲ್ಲ, ಗಾಳಿ ಸೋಕೈತೆ,” ಎಂದಳು ಅತ್ತೆ ಲಕ್ಕಮ್ಮ. ಮಾರನೆಯ ದಿನವೇ ಬಾಗಲೂರಿಗೆ ಹೋಗಿ ಮಂತ್ರಿಸಿದ ದಾರ ತಂದು ಹುಡುಗಿಯ ತೋಳಿಗೆ ಬಿಗಿದಳು. ತೋಳಿನಲ್ಲಿ ಗೆರೆ ಬಿತ್ತು, ನಿದ್ದೆ ಬರಲಿಲ್ಲ.

ಗಂಗರತ್ನಮ್ಮ ಬಿಡಲಿಲ್ಲ. ದೀಪ ಹಚ್ಚುವ ಮೊದಲೇ ಮಗಳಿಗೆ ಉಣ್ಣಿಸಿದಳು. ವಾರಕ್ಕೆರಡು ಸಲ ಹರಳೆಣ್ಣೆ ಹಚ್ಚಿ ಎರೆದಳು. ಅಂಗಾಲು ತಿಕ್ಕಿದಳು, ಹಾಲು ಕುಡಿಸಿದಳು. ಹುಡುಗಿ ಹೇಳಿದ್ದಕ್ಕೆಲ್ಲ ಒಪ್ಪಿ ಚಾಪೆಯ ಮೇಲೆ ಸೆಟೆದು ಮಲಗುತ್ತಿದ್ದಳು, ಕಣ್ಣು ಮಾತ್ರ ಸೂರು ನೋಡುತ್ತಿತ್ತು. ಒಂದು ಸಂಜೆ ತಾಯಿ ಪಕ್ಕದಲ್ಲೇ ಉರುಳಿಕೊಂಡಳು. ಮನೆ ನಿಶ್ಶಬ್ದವಾದಷ್ಟೂ ಮಗಳು ಉಸಿರು ಬಿಗಿಹಿಡಿಯುತ್ತಿರುವುದು ಗೊತ್ತಾಯಿತು.

“ಏನ್ ಕೇಳಿಸ್ಕಂತಾ ಇದೀಯ, ಅಮ್ಮಣ್ಣಿ?”

“ಸದ್ದು ನಿಂತೋಗೈತೆ.”

“ಯಾವ ಸದ್ದು?”

“ಉಳ ಮೇಯೋ ಸದ್ದು. ನಿಂತ್ರೆ ಸೊಪ್ಪು ಮುಗೀತು ಅಂತಲ್ವಾ? ಎದ್ದೇಳ್ಬೇಕಲ್ವಾ?”

“ಮನೇಲಿ ಉಳಾನೇ ಇಲ್ವಲ್ಲೇ ಈಗ! ಗೂಡು ಮಾರಿ ತಿಂಗ್ಳಾಯ್ತು.”

“ಗೊತ್ತಮ್ಮ. ಕಿವೀಗ್ ಗೊತ್ತಾಗಲ್ಲ.”

ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಹುಳು ದೊಡ್ಡದಾದ ಮೇಲೆ ರಾತ್ರಿಯೂ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ದೊಡ್ಡವರು ಹಗಲೆಲ್ಲ ತೋಟದಲ್ಲಿ ಬೆನ್ನು ಬಗ್ಗಿಸಿ ದಣಿದವರು ಎಂಬ ನೆಪದಲ್ಲಿ ಆ ಪಾಳಿ ಹೆಣ್ಣುಮಕ್ಕಳ ತಲೆಗೆ ಬೀಳುತ್ತಿತ್ತು. ಗಂಡುಮಕ್ಕಳನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಹತ್ತು ವರ್ಷದ ಪಂಕಜ ತಟ್ಟೆಗಳ ಅಟ್ಟಣಿಗೆಯ ಕೆಳಗೇ ಮಲಗಿ, ಮೇಲೆ ಸೊಪ್ಪು ಮೇಯುವ ಸದ್ದು ಕೇಳುತ್ತಾ, ಅದು ನಿಂತ ಕೂಡಲೇ ಏಳುತ್ತಿದ್ದಳು. ದೀಪಾವಳಿಯ ಬೆಳೆಯಲ್ಲಿ ಒಂದು ರಾತ್ರಿ ಏಳಲಿಲ್ಲ. ಅಟ್ಟಣಿಗೆಯ ಕಾಲಡಿ ಇಟ್ಟ ಬಟ್ಟಲುಗಳ ನೀರು ಒಣಗಿ, ಇರುವೆ ಹತ್ತಿ, ಎರಡು ತಟ್ಟೆ ಹುಳು ಸತ್ತವು.

“ಆವತ್ತು ಅಜ್ಜಿ ನಿನ್ ನಿದ್ದೆಗೆ ಬೆಂಕಿ ಬೀಳ ಅಂದ್ಲು,” ಎಂದಳು ಪಂಕಜ, ದೂರುವ ದನಿಯಲ್ಲಲ್ಲ. “ಬಿತ್ತು.”

ಗಂಗರತ್ನಮ್ಮ ಎದ್ದು ಕೂತಳು. ತಾನೂ ಆವತ್ತು ಅಲ್ಲೇ ಇದ್ದಳು. ಬಾಯಿ ಮುಚ್ಚಿಕೊಂಡು ಸತ್ತ ಹುಳು ಗುಡಿಸಿದ್ದಳು.

ಸಂಕ್ರಾಂತಿಗೆ ಮುಂದಿನ ಬೆಳೆ ನಾಲ್ಕನೇ ಜ್ವರಕ್ಕೆ, ಅಂದರೆ ಕೊನೆಯದಕ್ಕೆ, ಬಂತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಒಂದು ದಿನ ಅಲುಗಾಡದೆ ನಿಲ್ಲುವುದಕ್ಕೆ ಜ್ವರ ಎನ್ನುತ್ತಾರೆ. ಆ ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಬೀಡಿ ಇಲ್ಲ, ಜೋರು ಮಾತಿಲ್ಲ. ಬಾಗಿಲಲ್ಲಿ ನಿಂತು ಕೂಗಿದ ನೆಂಟ ದೊಡ್ಡಮುನಿಯಪ್ಪನ ಮೇಲೆ ಲಕ್ಕಮ್ಮ ಪಿಸುದನಿಯಲ್ಲೇ ಹರಿಹಾಯ್ದಳು. “ಏನ್ ಟಂಟಂ ಒಡೀತಾ ಇದೀಯೇನೋ? ಉಳ ಜ್ವರಕ್ಕೆ ಕುಂತವೆ!”

ಅವನು ಹೋದ ಮೇಲೆ ಗಂಗರತ್ನಮ್ಮ ಮಗಳ ಚಾಪೆಯನ್ನು ಅಟ್ಟಣಿಗೆಯ ಕೆಳಗಿನಿಂದ ಎಳೆದು ತೆಗೆದಳು.

“ಅತ್ತೆ, ಉಳದ್ ನಿದ್ದೆಗೆ ಇಷ್ಟ್ ಮರ್ಯಾದೆ ಐತಲ್ಲ, ನಮ್ ಮಗೀನ್ ನಿದ್ದೆಗೆ ಯಾಕಿಲ್ಲ? ಇವತ್ತಿಂದ ಇವ್ಳು ಅಡಿಗೆಮನೇಲಿ ಮಲೀಕಂತಾಳೆ. ರಾತ್ರಿ ಯಾರೂ ಎಬ್ಬಿಸಂಗಿಲ್ಲ.”

“ಮತ್ ಸೊಪ್ಪು ಯಾರಾಕ್ತಾರೆ, ನಿಮ್ಮಪ್ಪನಾ?” ಎಂದ ಚಿಕ್ಕಬೈರಪ್ಪ.

“ಇವ್ಳಪ್ಪ ಆಕ್ಲಿ. ಅಜ್ಜಿ ಆಕ್ಲಿ, ನಾನೂ ಆಕ್ತೀನಿ. ಮೂರ್ ಪಾಳಿ. ಒಪ್ಪಲ್ಲಾಂದ್ರೆ ನಾಳೆ ನಾನ್ ಸೊಪ್ ಕುಯ್ಯಲ್ಲ.”

ಅವನು ನಕ್ಕ. ಮಾರನೆಯ ಬೆಳಗ್ಗೆ ನಗಲಿಲ್ಲ. ಹುಳು ಜ್ವರದಿಂದ ಎದ್ದು, ಕಂಡದ್ದನ್ನೆಲ್ಲ ಮೇಯುವ ಹಸಿವಿನಲ್ಲಿ ತಲೆ ಆಡಿಸುತ್ತಿದ್ದವು. ಗಂಗರತ್ನಮ್ಮ ಮಗಳನ್ನು ಸ್ಕೂಲಿಗೆ ಕಳಿಸಿ ಜಗಲಿಯ ಕಂಬಕ್ಕೆ ಒರಗಿ ಕೂತಳು. ಗಂಡ ಬೈದ, ಕೈಯೆತ್ತಿದ. ಅವಳು ಕದಲಲಿಲ್ಲ. ಅವನೇ ತೋಟಕ್ಕೆ ಓಡಿ ಒಂದು ಹೊರೆ ಕುಯ್ದು ತಂದ. ಅದು ಆರು ತಟ್ಟೆಗೂ ಸಾಲಲಿಲ್ಲ, ಇದ್ದದ್ದು ನಲವತ್ತು.

“ಉಳ ಸಾಯ್ತಾವಲ್ಲೇ, ಪಾಪಿ,” ಎಂದು ಲಕ್ಕಮ್ಮ ಎದೆ ಬಡಿದುಕೊಂಡಳು.

“ಸಾಯ್ಲಿ ಬುಡಿ ಅತ್ತೆ. ಈ ಸಲ ನನ್ ಎಸ್ರಿಗೆ ಸಾಯ್ಲಿ, ಆ ಮಗೀನ್ ಎಸ್ರಿಗ್ ಬ್ಯಾಡ.”

ನಡು ಮಧ್ಯಾಹ್ನದ ಹೊತ್ತಿಗೆ ಚಿಕ್ಕಬೈರಪ್ಪ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ. “ಆಯ್ತು, ಏಳು. ಮೂರ್ ಪಾಳಿ.”

“ಇನ್ನೊಂದೈತೆ. ಇರುವೆ ಅತ್ತಿದ್ದು ನಿನ್ ತಪ್ಪಲ್ಲಾಂತ ಅವ್ಳಿಗ್ ನೀವೇ ಯೋಳ್ಬೇಕು.”

ಆಮೇಲೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಕತ್ತಲಾಗುವವರೆಗೂ ಸೊಪ್ಪು ಕುಯ್ದಳು. ನಾಲ್ಕೈದು ತಟ್ಟೆ ಹುಳು ಸೊರಗಿದ್ದವು, ಉಳಿದವು ಚೇತರಿಸಿಕೊಂಡವು.

ಅಂದು ಸಂಜೆ ಅಡಿಗೆಮನೆಯಲ್ಲಿ ಅಪ್ಪ ಮಗಳ ಚಾಪೆಯ ಪಕ್ಕ ನಿಂತು ಗೋಡೆ ನೋಡಿಕೊಂಡು ಹೇಳಿದ. “ಆವತ್ ಇರುವೆ ಅತ್ತಿದ್ದು ನಿನ್ನಿಂದ ಅಲ್ಲ ಕಣಮ್ಮಣ್ಣಿ. ಬಟ್ಲು ನಾನ್ ನೋಡ್ಬೇಕಾಗಿತ್ತು. ಮಲೀಕಂಬಿಟ್ಟಿದ್ದೆ.”

ಪಂಕಜ ತಲೆಯೆತ್ತಿದಳು. “ನೀನೂ ಮಲೀಕಂಡಿದ್ದಾ, ಅಪ್ಪಾ?”

“ಊಂ.”

“ನಿಂಗೆ ಯಾರೂ ಬೈನಿಲ್ವಾ?”

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಲಕ್ಕಮ್ಮ ಎಲೆಯಡಿಕೆ ಚೀಲದಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು. ಕೊನೆಗೆ ಹತ್ತಿರ ಬಂದು, ಮೊಮ್ಮಗಳ ತೋಳಿನ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. “ಬಿಗ್ಯಾಗಿ ಕಟ್ಬಿಟ್ಟಿದ್ನೇನೋ,” ಎಂದಳು.

ಆ ರಾತ್ರಿಯೂ ಹುಡುಗಿ ನಿದ್ದೆ ಮಾಡಲಿಲ್ಲ. ಸದ್ದು ನಿಂತಾಗಲೆಲ್ಲ ಎದ್ದು ಕೂರುತ್ತಿದ್ದಳು. ಪಾಳಿಯಲ್ಲಿದ್ದವರು “ನಾನಿದೀನಿ, ಮಲೀಕೋ” ಎನ್ನಬೇಕೆಂದು ಗಂಗರತ್ನಮ್ಮ ಕಟ್ಟುಮಾಡಿದಳು. ಅಪ್ಪ ಎರಡು ದಿನ ಗೊಣಗಿದ, ಮೂರನೆಯ ದಿನದಿಂದ ಕೇಳದೆಯೇ ಹೇಳತೊಡಗಿದ. ಎಂಟನೆಯ ರಾತ್ರಿ ಪಂಕಜ ಮಗ್ಗುಲಾಗಿ, ಬಾಯಿ ತೆರೆದು, ಬೆಳಗಿನವರೆಗೂ ಮಲಗಿದಳು.

ಮರುದಿನ ಸೊಪ್ಪಿನ ತೋಟದಲ್ಲಿ ಪಕ್ಕದ ಮನೆಯ ಯಲ್ಲಮ್ಮ ಬೇಲಿಯ ಹತ್ತಿರ ಬಂದಳು. “ರತ್ನಕ್ಕಾ, ನಿನ್ ಮಗ್ಳು ನಿದ್ದೆ ಮಾಡ್ತಾಳಂತೆ? ನಮ್ಮನೇಲೂ ಒಬ್ಳವ್ಳೆ. ಎಷ್ಟ್ ದಿನ ಬೇಕಾಯ್ತು?”

“ಮಗೀಗ್ ನಿದ್ದೆ ಬರಕ್ಕೆ ಎಂಟ್ ದಿನ,” ಎಂದಳು ಗಂಗರತ್ನಮ್ಮ. “ಅವ್ರಪ್ಪ ಒಪ್ಪಕ್ಕೆ ಅರ್ಧ ದಿನ. ನಿಮ್ ಉಳ ನಾಲ್ಕನೇ ಜ್ವರಕ್ ಯಾವತ್ ಕೂರ್ತವೆ?”